ಹೂವಿನಲ್ಲಿ ಅಡಗುವ ಹಗೆ

ಕೃಷ್ಣೆಯ ಉಗಮಸ್ಥಾನವೆಂದು ಕನ್ನಡಿಗರಿಗೆ ಚಿರಪರಿಚಿತವಾದ ಮಹಾಬಳೇಶ್ವರಕ್ಕೆ ಈಗ ಮತ್ತೊಂದು ಖ್ಯಾತಿಯೂ ಸೇರಿಕೊಂಡಿದೆ. ಸಾತಾರಾ ಜಿಲ್ಲೆಯ ಆ ಗಿರಿಧಾಮದ ಸುತ್ತ ಬೆಳೆಯುವ ಸ್ಟ್ರಾಬೆರಿ ಹಣ್ಣಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಮಳೆಗಾಲ ಹಿಂದೆಗೆದ ಮೇಲೆ ಏರುಮಡಿಗಳಲ್ಲಿ ಸಸಿ ನೆಟ್ಟು, ಚಳಿಗಾಲದುದ್ದಕ್ಕೂ ಹಣ್ಣು ಕೊಯ್ಯುವುದು ಅಲ್ಲಿನ ಪದ್ಧತಿ. ಸಸಿಗೆ, ಪ್ಲಾಸ್ಟಿಕ್ ಹೊದಿಕೆಗೆ, ಹನಿ ನೀರಾವರಿಗೆ ಎಂದು ರೈತನ ಹಣವೆಲ್ಲ ಮೊದಲೇ ಮಣ್ಣಿಗೆ ಸೇರಿಹೋಗಿರುತ್ತದೆ. ಆಮೇಲೆ ಮೋಡ ಕವಿದು ಎರಡು ದಿನ ಅಕಾಲದ ಮಳೆ ಹಿಡಿಯಿತೆಂದರೆ ಅವನಿಗೆ ನಿದ್ದೆಯಿಲ್ಲ. ಮಳೆಯ ಬೆನ್ನಲ್ಲೇ ಬರುವ ಬೂಷ್ಟಿನ ಭಯ ಅದು.

ಪಟ್ಟಣದ ಗೃಹಿಣಿಯರಿಗೂ ಈ ಬೂಷ್ಟು ಅಪರಿಚಿತವೇನಲ್ಲ. ನಿನ್ನೆ ಕೆಂಪಗೆ ಹೊಳೆಯುತ್ತಿದ್ದ ಹಣ್ಣಿನ ಡಬ್ಬಿಯನ್ನು ಇಂದು ತೆರೆದರೆ, ಒಂದೆರಡು ಹಣ್ಣುಗಳು ಮೆತ್ತಗಾಗಿ ಬೂದುಬಣ್ಣದ ತುಪ್ಪಳು ಹೊದ್ದುಕೊಂಡಿರುತ್ತವೆ. ಅಂಗಡಿಯವನು ಹಳೆಯ ಹಣ್ಣನ್ನು ದಾಟಿಸಿದನೆಂದು ಮನೆಯವರು ಗೊಣಗುವುದೂ ಉಂಟು. ಆದರೆ ಅಂಗಡಿಯವನ ತಪ್ಪು ಇಲ್ಲಿ ಅಲ್ಪವೇ. ಬೊಟ್ರಿಟಿಸ್ ಸಿನೆರಿಯ ಎಂಬ ಈ ಶಿಲೀಂಧ್ರವು ಬಹುಮಟ್ಟಿಗೆ ಗಿಡ ಹೂ ಬಿಟ್ಟಿದ್ದಾಗಲೇ ಒಳಹೊಕ್ಕಿರುತ್ತದೆ.

ಒಣಗಿದ ಎಲೆ, ಕೊಳೆತ ಹಣ್ಣುಗಳ ಮೇಲೆ ಹುಟ್ಟುವ ಇದರ ಬೀಜಾಣುಗಳು ಗಾಳಿಯಲ್ಲಿ ತೇಲಿ ಬಂದು ಅರಳಿದ ಹೂವಿನ ಮೇಲೆ ಕೂರುತ್ತವೆ. ಹವೆ ತಂಪಾಗಿದ್ದು, ಹೂವು ಹಲವು ಗಂಟೆಗಳ ಕಾಲ ಒದ್ದೆಯಾಗಿಯೇ ಉಳಿದರೆ ಮೊಳೆತು, ದಳ ಕೇಸರಗಳ ಮೂಲಕ ಎಳೆಗಾಯಿಯನ್ನು ಸೇರುತ್ತವೆ. ಅಲ್ಲಿಂದ ಮುಂದೆ ಏನೂ ನಡೆಯದು! ಹಸುರು ಕಾಯಿಯಲ್ಲಿ ರೋಗನಿರೋಧಕ ರಸಗಳು ಪ್ರಬಲವಾಗಿರುವುದರಿಂದ ಶಿಲೀಂಧ್ರವು ತೆಪ್ಪಗೆ ಮಲಗಿರುತ್ತದೆ. ಕಾಯಿ ಮಾಗಿ, ಸಕ್ಕರೆ ಏರಿ, ಆ ರಸಗಳು ಕುಗ್ಗಿದಾಗ ಎಚ್ಚರಗೊಳ್ಳುತ್ತದೆ. ತೊಟ್ಟಿನ ಬಳಿ ಮೊದಲು ಕಾಣುವ ಕಂದು ಮಚ್ಚೆಯೇ ಇದರ ಸುಳಿವು. ಇದೇ ಶಿಲೀಂಧ್ರ ಫ್ರಾನ್ಸ್ ದೇಶದ ಸೊತೆರ್ನ್ ಪ್ರಾಂತದಲ್ಲಿ ದ್ರಾಕ್ಷಿಗೆ ತಗಲಿದರೆ ಅಲ್ಲಿಯವರು ಹಿಗ್ಗುತ್ತಾರೆ. ಅವರ ಬೆಲೆಬಾಳುವ ಸಿಹಿ ಮದ್ಯಕ್ಕೆ ಅದೇ ಆಧಾರ. ಸ್ಟ್ರಾಬೆರಿ ಬೆಳೆಗಾರನಿಗೆ ಆ ಭಾಗ್ಯವಿಲ್ಲ.

ಎಲ್ಲ ಕೊಳೆಯೂ ಬೊಟ್ರಿಟಿಸ್ ಆಗಿರಬೇಕೆಂದೇನೂ ಇಲ್ಲ. ಹಣ್ಣಿನ ಮೇಲೆ ದುಂಡಗೆ ಒಳಕ್ಕೆ ಕುಸಿದ ಕಪ್ಪು ಚುಕ್ಕೆಗಳಿದ್ದರೆ ಅದು ಚಿಬ್ಬು ರೋಗ. ಸಾಮಾನ್ಯವಾಗಿ ಸಸಿಯ ಜೊತೆಯಲ್ಲೇ ತೋಟಕ್ಕೆ ಬರುವ ಇದು, ನೀರಿನ ಹನಿ ಸಿಡಿದಂತೆಲ್ಲ ಗಿಡದಿಂದ ಗಿಡಕ್ಕೆ ಹಾರುತ್ತದೆ. ಆದ್ದರಿಂದ ಮೇಲಿನಿಂದ ನೀರು ಚಿಮುಕಿಸುವುದೆಂದರೆ ಇದಕ್ಕೆ ವಾಹನ ಒದಗಿಸಿದಂತೆ. ಎಲೆಯ ಅಂಚುಗಳು ದೊನ್ನೆಯಂತೆ ಮೇಲಕ್ಕೆ ಮಡಿಚಿ, ಬಿಳಿಯ ಪುಡಿ ಕಂಡರೆ ಬೂದಿ ರೋಗ. ಅದಕ್ಕೆ ನೀರಿನ ಹನಿಯೂ ಬೇಡ, ತೇವದ ಗಾಳಿ ಸಾಕು. ಸಂಶಯ ಬಂದಲ್ಲಿ ಸುಲಭವಾದ ಪರೀಕ್ಷೆಯೊಂದಿದೆ. ಹಣ್ಣನ್ನು ಒದ್ದೆ ಕಾಗದದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಎರಡು ಮೂರು ದಿನ ಇಟ್ಟು ನೋಡಬೇಕು. ಬೂದು ತುಪ್ಪಳು ಬಂದರೆ ಬೊಟ್ರಿಟಿಸ್, ಕಿತ್ತಳೆ ಮಿಶ್ರಿತ ಗುಲಾಬಿ ಬಣ್ಣದ ಅಂಟು ಒಸರಿದರೆ ಚಿಬ್ಬು. ಉದ್ದನೆಯ ಬಿಳಿ ಎಳೆಗಳ ತುದಿಯಲ್ಲಿ ಕಪ್ಪು ತಲೆಗಳೆದ್ದು ಹಣ್ಣಿನ ರಸವೆಲ್ಲ ಸೋರಿದರೆ ಅದು ರೈಜೋಪಸ್, ರೊಟ್ಟಿಗೂ ಹಿಡಿಯುವ ಬೂಷ್ಟು.

ಸ್ಟ್ರಾಬೆರಿಯನ್ನು ಸಿಪ್ಪೆ ಸುಲಿದು ತಿನ್ನುವಂತಿಲ್ಲ. ಕೊಯ್ಲಿನ ಹೊತ್ತಿಗೆ ಬೂಷ್ಟು ಕಂಡು ಗಾಬರಿಯಿಂದ ಹೊಡೆದ ಔಷಧದ ಅಂಶ ಮಕ್ಕಳ ಬಾಯಿಯನ್ನು ಸೇರಬಹುದು. ಅಷ್ಟರಲ್ಲಿ ಒಳಗೆ ನೆಲೆಸಿರುವ ಶಿಲೀಂಧ್ರವನ್ನು ಅದು ಹೊರದೂಡುವುದೂ ಇಲ್ಲ. ಕಾಯಬೇಕಾದದ್ದು ಹೂವನ್ನು. ಫ್ಲಾರಿಡಾ ವಿಶ್ವವಿದ್ಯಾನಿಲಯದವರು ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತು, ಆಗಿನ ಉಷ್ಣತೆ ಎಷ್ಟಿತ್ತು ಎಂಬುದನ್ನು ಉಪಕರಣಗಳಿಂದ ಅಳೆದು, ಅಪಾಯವಿದ್ದಾಗ ಮಾತ್ರ ಸಿಂಪಡಿಸುವಂತೆ ಬೆಳೆಗಾರರಿಗೆ ಸೂಚನೆ ಕೊಡುವ ವ್ಯವಸ್ಥೆಯನ್ನು ಏರ್ಪಡಿಸಿದ್ದಾರೆ. ಒಂದೇ ಔಷಧವನ್ನು ಪದೇಪದೇ ಬಳಸಿದರೆ ಬೊಟ್ರಿಟಿಸ್ ಅದಕ್ಕೆ ಬೇಗನೆ ಒಗ್ಗಿಹೋಗುವುದರಿಂದ ಬೇರೆ ಬೇರೆ ವರ್ಗದ ಔಷಧಗಳನ್ನು ಸರದಿಯಂತೆ ಬಳಸಬೇಕಾಗುತ್ತದೆ.

ಎಲ್ಲಕ್ಕಿಂತ ಸೊಗಸಾದ ಉಪಾಯ ಜೇನುನೊಣಗಳದು. ಗೂಡಿನ ಬಾಗಿಲಲ್ಲಿ ಕ್ಲೊನೊಸ್ಟಾಕಿಸ್ ಎಂಬ ನಿರುಪದ್ರವಿ ಶಿಲೀಂಧ್ರದ ಪುಡಿಯನ್ನು ಹರಡಿದ ತಟ್ಟೆಯಿಡುತ್ತಾರೆ. ಹೊರಹೊರಡುವ ನೊಣಗಳು ಕಾಲಿಗೂ ಮೈಗೂ ಮೆತ್ತಿಕೊಂಡ ಆ ಪುಡಿಯನ್ನು ನೇರವಾಗಿ ಹೂವಿಗೆ ಮುಟ್ಟಿಸುತ್ತವೆ. ಜಾಗ ಹಿಡಿದು ಕುಳಿತ ಈ ಒಳ್ಳೆಯ ಶಿಲೀಂಧ್ರವು ಬೊಟ್ರಿಟಿಸ್‌ಗೆ ಎಡೆಗೊಡದು. ಅಮೆರಿಕದಲ್ಲಿ ಈ ವಿಧಾನಕ್ಕೆ 2019ರಲ್ಲಿ ಸರ್ಕಾರದ ಅನುಮತಿ ದೊರೆಯಿತು.

ಇಂಥ ಸೌಕರ್ಯವಿಲ್ಲದ ಬಡ ರೈತನ ಕೈಯಲ್ಲಿ ಇರುವುದು ಅವನ ಕಣ್ಣು ಮತ್ತು ಬುಟ್ಟಿ. ಸಸಿಗಳ ನಡುವೆ ಗಾಳಿಯಾಡುವಷ್ಟು ಅಂತರ, ಬುಡಕ್ಕೆ ಮಾತ್ರ ನೀರು, ಒಣ ಎಲೆಗಳನ್ನೂ ಕೊಳೆತ ಹಣ್ಣುಗಳನ್ನೂ ಆಗಾಗ ಆಯ್ದು ತೋಟದಿಂದ ದೂರ ಹೂಳುವುದು: ಇವಿಷ್ಟನ್ನು ಬಿಡದೆ ನಡೆಸಿದವನಿಗೆ ಸಿಂಪಡಣೆಯ ಖರ್ಚು ತಗ್ಗುತ್ತದೆ. ಕೊಯ್ಯುವಾಗ ಕೊಳೆತ ಹಣ್ಣನ್ನು ಮುಟ್ಟಿದ ಕೈಯಿಂದಲೇ ಒಳ್ಳೆಯದನ್ನೂ ಮುಟ್ಟುವುದು ಸಲ್ಲದು.

ಮನೆಗೆ ತಂದ ಹಣ್ಣನ್ನು ತಿನ್ನುವ ಹೊತ್ತಿಗಷ್ಟೇ ತೊಳೆಯಬೇಕು. ತೊಳೆದಿಟ್ಟರೆ ತೇವ ಸಿಕ್ಕಿ ಬೂಷ್ಟು ಬೇಗ ಹಬ್ಬುತ್ತದೆ. ಬೂಷ್ಟು ಹಿಡಿದದ್ದನ್ನು ಕೊಯ್ದು ಅರ್ಧ ಉಳಿಸಿಕೊಳ್ಳುವ ಮಿತವ್ಯಯ ಬೇಡ. ರೆಫ್ರಿಜರೇಟರಿನ ಶೀತದಲ್ಲಿ ರೈಜೋಪಸ್ ನಿಂತೇ ಹೋಗುತ್ತದೆ. ಬೊಟ್ರಿಟಿಸ್ ಮಾತ್ರ ಸೊನ್ನೆ ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯಬಲ್ಲುದು. ಆದುದರಿಂದ ತಂದ ಹಣ್ಣನ್ನು ಒಂದೆರಡು ದಿನಗಳಲ್ಲೇ ತಿಂದು ಮುಗಿಸುವುದು ಮೇಲು.