ಅಳಿಸುವ ಮುನ್ನ ಯಂತ್ರ ಓದುವ ನಾಲ್ಕು ಸಾಲು

ಹರಿಹರ ತಾಲ್ಲೂಕಿನ ಕೊಕ್ಕನೂರು ಆಂಜನೇಯನ ಊರು. ಇಂಥ ಸೀಮೆಯಲ್ಲಿ ಹನುಮಂತಪ್ಪ, ಆಂಜನೇಯಪ್ಪ, ಹನುಮವ್ವ ಎಂಬ ಹೆಸರುಗಳಿಗೆ ಬರವಿಲ್ಲ. ಇಲ್ಲಿನ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ಕಂಪ್ಯೂಟರಿನಲ್ಲಿದೆ, ಎರಡೆರಡು ಸಲ ದಾಖಲಾದ ಹೆಸರುಗಳನ್ನು ತೆಗೆಯಲು ಒಂದು ತಂತ್ರಾಂಶವಿದೆ, ಅದನ್ನು ನಡೆಸುವ ಕೆಲಸ ಎಐ ಏಜೆಂಟಿಗೆ ಬಿದ್ದಿದೆ ಎಂದು ಊಹಿಸಿಕೊಳ್ಳಿ. ಇಬ್ಬರು ಹನುಮಂತಪ್ಪರಿದ್ದಾರೆ. ತಂದೆಯ ಹೆಸರೂ ಒಂದೇ, ಊರೂ ಒಂದೇ. ಜಮೀನಿನ ಸರ್ವೆ ನಂಬರ್ ಮಾತ್ರ ಬೇರೆ. ಒಬ್ಬರ ಹೆಸರು ಪಟ್ಟಿಯಿಂದ ಹಾರಿಹೋದರೆ ಅವರಿಗೆ ಗೊತ್ತಾಗುವುದು ಬೆಳೆಸಾಲ ಕೇಳಲು ಹೋದ ದಿನವೇ.

ಏಜೆಂಟ್ ಕೆಲಸ ಮಾಡುವ ಬಗೆ ಹೀಗೆ. ಒಂದು ಭಾಷಾ ಮಾದರಿಯ ಮುಂದೆ ಅದು ಬಳಸಬಹುದಾದ ತಂತ್ರಾಂಶಗಳ, ಅಂದರೆ ಸಲಕರಣೆಗಳ, ಪಟ್ಟಿ ಇಟ್ಟಿರುತ್ತಾರೆ. ಪ್ರತಿಯೊಂದಕ್ಕೂ ಒಂದು ಹೆಸರು, ನಾಲ್ಕಾರು ಸಾಲಿನ ವಿವರಣೆ, ತುಂಬಬೇಕಾದ ಖಾನೆಗಳು. ಮಾದರಿ ಅದನ್ನು ಓದಿ, ಯಾವ ಸಲಕರಣೆ ಬೇಕು, ಖಾನೆಗಳಲ್ಲಿ ಏನಿರಬೇಕು ಎಂದು ಬರೆದುಕೊಡುತ್ತದೆ. ಇನ್ನೊಂದು ಪ್ರೋಗ್ರಾಂ ಅದನ್ನು ನಡೆಸುತ್ತದೆ. ಸಲಕರಣೆಯ ಒಳಗಿನ ಕೋಡ್ ಸಾಮಾನ್ಯವಾಗಿ ಮಾದರಿಗೆ ಕಾಣುವುದಿಲ್ಲ. ‘ಅದನ್ನ ಒತ್ತಬ್ಯಾಡಪ್ಪ, ಹೋದ ವರ್ಷ ಎಡವಟ್ಟಾಗಿತ್ತು’ ಎಂದು ಹಳೇ ಗುಮಾಸ್ತರು ಹೊಸಬರಿಗೆ ಹೇಳುವ ಮಾತೂ ಅದಕ್ಕೆ ಸಿಗುವುದಿಲ್ಲ. ಬರೆದದ್ದಷ್ಟೇ ಅದಕ್ಕೆ ಗೊತ್ತು.

ಆದ್ದರಿಂದ ಅಳಿಸುವ ಸಲಕರಣೆಯ ವಿವರಣೆಯಲ್ಲಿ ‘ಪಟ್ಟಿಯನ್ನು ಸ್ವಚ್ಛಗೊಳಿಸುತ್ತದೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಅಪಾಯ. ನನ್ನ ಪ್ರಕಾರ ಮೊದಲ ಸಾಲಿನಲ್ಲೇ ನಷ್ಟ ಕಾಣಬೇಕು: ‘ಸದಸ್ಯರ ದಾಖಲೆಯನ್ನು ಶಾಶ್ವತವಾಗಿ ಅಳಿಸುತ್ತದೆ, ಮರಳಿ ಪಡೆಯಲಾಗದು. ಷೇರು, ಸಾಲದ ವಿವರಗಳೂ ಜೊತೆಗೇ ಹೋಗುತ್ತವೆ. ಹೆಸರು ಒಂದೇ ಇದೆಯೆಂದು ಬಳಸಬೇಡಿ; ಸರ್ವೆ ನಂಬರ್, ಬ್ಯಾಂಕ್ ಖಾತೆ ಎರಡೂ ತಾಳೆಯಾಗಬೇಕು. ಅನುಮಾನವಿದ್ದರೆ ಅಳಿಸದೆ ಕಾರ್ಯದರ್ಶಿಗೆ ತಿಳಿಸಿ.’ ‘ಊರು’ ಖಾನೆ ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದೂ ಅಲ್ಲಿರಬೇಕು. ಖಾಲಿ ಎಂದರೆ ‘ಎಲ್ಲ ಊರೂ’ ಎಂದು ತಿಳಿಯುವ ತಂತ್ರಾಂಶಗಳಿವೆ. ಖಾಲಿ ಖಾನೆ ಬಂದರೆ ಕೆಲಸವನ್ನೇ ನಿರಾಕರಿಸುವಂತೆ ಕಟ್ಟಿ, ಹಾಗೆಂದು ಬರೆಯುವುದು ಕ್ಷೇಮ. ಅಳಿಸದೆ, ಯಾರ್‍ಯಾರ ಹೆಸರು ಹೋಗಲಿದೆ ಎಂದಷ್ಟೇ ತೋರಿಸುವ ಪರೀಕ್ಷಾ ವಿಧಾನವೊಂದು ಇದ್ದರೆ, ಮೊದಲು ಅದನ್ನೇ ನಡೆಸಬೇಕೆಂದು ಸ್ಪಷ್ಟವಾಗಿ ಹೇಳಬೇಕು.

ಇದು ಬರೀ ಕಲ್ಪನೆಯ ಭಯವೇನಲ್ಲ. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್‌ಕಿನ್ ರೆಪ್ಲಿಟ್ ಎಂಬ ವೇದಿಕೆಯ ಏಜೆಂಟನ್ನು ಬಳಸುತ್ತಿದ್ದರು. ಯಾವ ಬದಲಾವಣೆಯನ್ನೂ ಮಾಡಬೇಡ ಎಂದು ಹೇಳಿದ್ದರೂ ಅದು ಅಸಲಿ ದತ್ತಾಂಶವನ್ನೇ ಅಳಿಸಿಹಾಕಿತು. ಹಿಂದಿನ ಸ್ಥಿತಿಗೆ ತರಲು ಸಾಧ್ಯವಿಲ್ಲ ಎಂದೂ ಹೇಳಿತು. ಅವರೇ ಪ್ರಯತ್ನಿಸಿದಾಗ ದತ್ತಾಂಶ ಮರಳಿ ಬಂತು. ಯಾವುದು ಹಿಂದಿರುಗುತ್ತದೆ, ಯಾವುದು ಇಲ್ಲ ಎಂಬ ತಿಳಿವಳಿಕೆಯೇ ಏಜೆಂಟಿನಲ್ಲಿ ಹುಸಿಯಾಗಿತ್ತು. ಬೇಡ ಎಂದದ್ದನ್ನೂ ಅದು ಮೀರಿತ್ತು ಎಂಬುದನ್ನು ಮರೆಯುವಂತಿಲ್ಲ.

ಏಜೆಂಟ್ ಮತ್ತು ಸಲಕರಣೆಗಳ ನಡುವಿನ ಮಾತುಕತೆಗೆಂದು ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಂಸಿಪಿ ಎಂಬ ನಿಯಮಾವಳಿಯಲ್ಲಿ ಈಗ ಹಾನಿಮಾಡಬಲ್ಲ ಸಲಕರಣೆಗೊಂದು ಗುರುತಿದೆ. ‘ಡಿಸ್ಟ್ರಕ್ಟಿವ್ ಹಿಂಟ್’ ಎಂದು ಅದರ ಹೆಸರು. ದತ್ತಾಂಶ ಬದಲಿಸುವ ಸಲಕರಣೆ ಈ ಬಗ್ಗೆ ಏನೂ ಹೇಳದಿದ್ದರೆ ಅದು ಹಾನಿಮಾಡಬಲ್ಲದೆಂದೇ ಎಣಿಸಬೇಕು. ಇದು ಬಹಳ ಒಳ್ಳೆಯ ನಿಯಮ. ಆದರೂ ಅದು ಬರೀ ಸೂಚನೆ. ಅಪರಿಚಿತರು ಕೊಟ್ಟ ಸಲಕರಣೆಯ ಸೂಚನೆಯನ್ನು ನಂಬಬಾರದೆಂದು ಆ ನಿಯಮಾವಳಿಯೇ ಎಚ್ಚರಿಸುತ್ತದೆ.

ಸೂಚನೆ ಬರೆದರಷ್ಟೇ ಸಾಲದು, ಏಜೆಂಟನ್ನು ತಡೆಯುವ ಬೀಗ ಬೇರೆಯೇ ಬೇಕು. ಅದರ ಮಾದರಿ ನಮ್ಮಲ್ಲೇ ಇದೆ. ಪಹಣಿಗಳನ್ನು ಕಂಪ್ಯೂಟರಿಗೆ ತಂದ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಜಮೀನಿನ ಹಕ್ಕು ಬದಲಾಗಬೇಕಾದರೆ ಅರ್ಜಿ ಬರಬೇಕಿತ್ತು, ನೋಟಿಸ್ ಹೊರಡಬೇಕಿತ್ತು, ತಕರಾರಿಗೆ ಕಾಲಾವಕಾಶ ಇರಬೇಕಿತ್ತು, ಅಧಿಕಾರಿ ಬೆರಳಚ್ಚು ಕೊಟ್ಟು ಒಪ್ಪಬೇಕಿತ್ತು. ಸಂಘದ ಪಟ್ಟಿಗೂ ಹೀಗೇ ಮಾಡಬಹುದು: ಏಜೆಂಟ್ ಕೋರಿಕೆಯನ್ನಷ್ಟೇ ಸಲ್ಲಿಸಲಿ, ಕಾರ್ಯದರ್ಶಿ ಒಪ್ಪಿದ ಮೇಲೆ ಹೆಸರು ಹೋಗಲಿ. ಆಗ ವಿವರಣೆಗೆ ಇನ್ನೊಂದು ಸಾಲು ಸೇರಿಸಬೇಕಾಗುತ್ತದೆ: ‘ಇದು ಕೂಡಲೇ ಅಳಿಸುವುದಿಲ್ಲ, ಒಪ್ಪಿಗೆಗೆ ಕಾಯುತ್ತದೆ.’ ಆ ಸಾಲು ಇಲ್ಲದಿದ್ದರೆ ಏಜೆಂಟ್ ‘ಅಳಿಸಿಯಾಯಿತು’ ಎಂದು ವರದಿ ಕೊಟ್ಟುಬಿಡಬಹುದು, ಅಥವಾ ಹೆಸರು ಇನ್ನೂ ಪಟ್ಟಿಯಲ್ಲಿದೆಯಲ್ಲ ಎಂದು ಬೇರೆ ಸಲಕರಣೆ ಹುಡುಕಲು ಹೊರಡಬಹುದು.