ನಿಮಗಿದು ಗೊತ್ತೇ?: ಹಳೇ ಕಾರಿನ ಕೀಲುನೋವು

ಹತ್ತು-ಹದಿನೈದು ವರ್ಷ ಓಡಿದ ಕಾರು ಹಂಪ್ ಇಳಿಯುವಾಗ ‘ಟಕ್’ ಎಂದರೆ ಸಾಕು, ‘ಶಾಕ್ ಹೋಗಿದೆ, ಜೋಡಿ ಹಾಕಿಸಿ’ ಎನ್ನುವವರು ಹತ್ತು ಮಂದಿ ಸಿಗುತ್ತಾರೆ. ಸ್ಪ್ಯಾನರ್ ಹಿಡಿಯುವ ಮೊದಲು ಕಿವಿಗೂ ಕಣ್ಣಿಗೂ ಸ್ವಲ್ಪ ಕೆಲಸ ಕೊಟ್ಟರೆ ಬೇಡದ ಖರ್ಚು ಅಲ್ಲೇ ಉಳಿಯುತ್ತದೆ.

● ಕಾರಿನ ಭಾರ ಹೊರುವುದು ಶಾಕ್ ಅಬ್ಸಾರ್ಬರ್ ಅಲ್ಲ, ಸ್ಪ್ರಿಂಗು. ಒಮ್ಮೆ ಕುಣಿಯಲು ಶುರುವಿಟ್ಟ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕ್‌ನ ಪಾಲು. ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ನೂಕುತ್ತ ಅದು ಕುಣಿತದ ಶಕ್ತಿಯನ್ನು ಶಾಖವಾಗಿಸುತ್ತದೆ. ಹಾಗಾಗಿ ಕಾರು ಒಂದು ಮೂಲೆಗೆ ಕುಸಿದು ನಿಂತಿದ್ದರೆ ಶಾಕ್ ಬದಲಿಸಿ ಪ್ರಯೋಜನವಿಲ್ಲ; ಮೊದಲು ಸ್ಪ್ರಿಂಗ್ ನೋಡಬೇಕು.

● ಸುರುಳಿ ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಕೆಳತುದಿಯ ಸುತ್ತಿನಲ್ಲಿ. ಕೆಸರು, ನೀರು ನಿಲ್ಲುವುದು ಅಲ್ಲೇ. ಬಣ್ಣ ಏಳುವುದೂ ತುಕ್ಕು ಹಿಡಿಯುವುದೂ ಅಲ್ಲೇ. ಉಪ್ಪುಗಾಳಿಯ ಕರಾವಳಿಯಲ್ಲಿ ಓಡಿದ ಹಳೇ ಕಾರು ಕೊಳ್ಳುವವರು ಟಾರ್ಚ್ ಹಿಡಿದು ಆ ಜಾಗ ನೋಡಿಯೇ ಮುಂದಿನ ಮಾತಾಡಬೇಕು.

● ಸಣ್ಣ ಕಾರುಗಳ ಮುಂಭಾಗದಲ್ಲಿ ಈಗ ಎಲ್ಲೆಲ್ಲೂ ಕಾಣುವ, ಸ್ಪ್ರಿಂಗು-ಶಾಕ್ ಒಟ್ಟಿಗಿರುವ ಸ್ಟ್ರಟ್ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಕೊಡುಗೆ. ಜನರಲ್ ಮೋಟಾರ್ಸ್‌ನಲ್ಲಿದ್ದಾಗ ಅವರು ಕೆಲಸ ಮಾಡಿದ ‘ಕೆಡೆಟ್’ ಎಂಬ ಸಣ್ಣ ಕಾರು ಮಾರುಕಟ್ಟೆಗೇ ಬರಲಿಲ್ಲ. ಅವರು ಫೋರ್ಡ್ ಸೇರಿದ ಮೇಲೆ, 1950ರ ದಶಕದ ಆರಂಭದಲ್ಲಿ, ಬ್ರಿಟನ್ನಿನ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ಆ ಸ್ಟ್ರಟ್ ಹೆಸರು ಮಾಡಿತು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ಮುಂಭಾಗದಲ್ಲಿದ್ದದ್ದೂ ಅದೇ.

● ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗೇ ಇರಲಿಲ್ಲ. ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳು ತಿರುಚಿಕೊಂಡು ಭಾರ ತಡೆಯುತ್ತಿತ್ತು. ಅದೇ ಟಾರ್ಷನ್ ಬಾರ್. ಹಿಂದೆ ಮಾತ್ರ ಲೀಫ್ ಸ್ಪ್ರಿಂಗ್.

● ಬಾನೆಟ್ ಎತ್ತಿದರೆ ಎರಡೂ ಬದಿಯಲ್ಲಿ ಸ್ಟ್ರಟ್‌ನ ತಲೆ ಕಾಣುತ್ತದೆ. ಸುತ್ತಲಿನ ಸಣ್ಣ ನಟ್‌ಗಳು ಸ್ಟ್ರಟ್ಟನ್ನು ಬಾಡಿಗೆ ಬಿಗಿದಿರುತ್ತವೆ. ನಡುವಿನ ದೊಡ್ಡ ನಟ್ ಸ್ಪ್ರಿಂಗನ್ನೇ ಅದುಮಿಟ್ಟಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಆ ನಡುವಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಪ್ರಾಣಕ್ಕೇ ಸಂಚಕಾರ. ಸ್ಟ್ರಟ್ಟನ್ನು ಇಡಿಯಾಗಿ ಇಳಿಸಿ, ಸ್ಪ್ರಿಂಗ್ ಕಳಚುವುದನ್ನು ಗ್ಯಾರೇಜಿಗೆ ಬಿಡುವುದೇ ಜಾಣತನ.

● ಸದ್ದಿಗೊಂದು ವಿಳಾಸ ಇರುತ್ತದೆ. ಸಣ್ಣ ಗುಂಡಿಗೂ ‘ಟಕಟಕ’: ಸ್ಟೆಬಿಲೈಸರ್ ಲಿಂಕ್ ನೋಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಓಡಿಸುವಾಗ ‘ಕಟಕಟ’: ಆಕ್ಸೆಲ್‌ನ ಹೊರತುದಿಯ ಜಾಯಿಂಟ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ‘ಟಣ್’: ಸ್ಟ್ರಟ್ ತಲೆಯ ಮೌಂಟ್ ಅಥವಾ ಅದರ ಬೇರಿಂಗ್. ವೇಗದೊಂದಿಗೆ ಏರುವ, ತಿರುವಿನಲ್ಲಿ ಬದಲಾಗುವ ‘ಗೊಂಯ್’: ಚಕ್ರದ ಬೇರಿಂಗ್. ಇವುಗಳಲ್ಲಿ ಒಂದಕ್ಕೂ ಶಾಕ್ ಹೊಣೆಯಲ್ಲ!

● ಚಕ್ರವನ್ನು ನೆಲದಿಂದ ಎತ್ತಿ, ಎಡಗೈ-ಬಲಗೈಯಿಂದ ಪಕ್ಕಗಳನ್ನು ಹಿಡಿದು ಅಲ್ಲಾಡಿಸಿ. ‘ಆಟ’ ಕಂಡರೆ ಅನುಮಾನ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಮೇಲೆ. ಮೇಲೆ-ಕೆಳಗೆ ಹಿಡಿದಾಗ ಆಟವಿದ್ದರೆ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್. ಎರಡರಲ್ಲಿ ಯಾವುದು? ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ. ಆಟ ನಿಂತರೆ ಬೇರಿಂಗ್. ಉಳಿದರೆ ಬಾಲ್ ಜಾಯಿಂಟ್. ಈ ಪರೀಕ್ಷೆಗೆ ಬಿಡಿಗಾಸೂ ಬೇಡ.

● ಕಾರನ್ನು ಎತ್ತಲಷ್ಟೇ ಜಾಕ್. ಹೊತ್ತು ನಿಲ್ಲಿಸಲು ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೆಳಗೆ ನುಗ್ಗಬಾರದು. ಬಹುತೇಕ ಕಾರುಗಳ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂಭಾಗವನ್ನೇ ಎತ್ತಿದಾಗ ಅದು ಇದ್ದೂ ಇಲ್ಲದಂತೆ. ಆಗ ಮುಂದಿನ ಚಕ್ರಗಳಿಗೆ ಹಿಂದೆ-ಮುಂದೆ ಕಲ್ಲು ಕೊಡಲೇಬೇಕು.

● ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋಯರ್ ಆರ್ಮ್‌ನ ರಬ್ಬರ್ ಬುಷ್ ಜಾರಿ ತಿರುಗುವುದಿಲ್ಲ. ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗೆ ಅಂಟಿಕೊಂಡೇ ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದುಬಿಟ್ಟರೆ, ಕಾರು ಕೆಳಗಿಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಮೊದಲು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ ಕೊಡುವುದು ಸರಿಯಾದ ಕ್ರಮ. ‘ಹೋದ ವರ್ಷ ತಾನೇ ಹಾಕಿಸಿದ್ದು’ ಎಂಬ ಎಷ್ಟೋ ದೂರುಗಳ ಮೂಲ ಇಲ್ಲಿದೆ.

● ಕಿರುಗುಟ್ಟುವ ಬುಷ್‌ಗೆ ಎಂಜಿನ್ ಆಯಿಲ್, ಡೀಸೆಲ್ ಬಿಡುವುದು ಹಳೇ ಚಾಳಿ. ಸದ್ದೇನೋ ಅಡಗುತ್ತದೆ. ಆದರೆ ಪೆಟ್ರೋಲಿಯಂ ಎಣ್ಣೆ ಹೀರಿದ ಸಹಜ ರಬ್ಬರ್ ಊದಿ ಮೆತ್ತಗಾಗುತ್ತದೆ, ಬುಷ್ ಬಾಳಿಕೆ ಮುಗಿಯುತ್ತದೆ. ಬೇಕೇಬೇಕಿದ್ದರೆ ಸಿಲಿಕೋನ್ ಗ್ರೀಸ್.

● ಟೈ ರಾಡ್ ಎಂಡ್‌ನ ಪಿನ್ ಮೊನೆಯಾಗಿದ್ದು, ಅಷ್ಟೇ ಮೊನೆಯಾದ ತೂತಿನಲ್ಲಿ ಕಚ್ಚಿ ಕೂತಿರುತ್ತದೆ. ನಟ್ ತೆಗೆದರೂ ಕದಲುವುದಿಲ್ಲ. ಪಿನ್‌ನ ತಲೆಗೆ ಹೊಡೆದರೆ ಹಾಳಾಗುವುದು ಥ್ರೆಡ್. ಪುಲ್ಲರ್ ಇಲ್ಲದಿದ್ದರೆ ಅನುಭವಿಗಳು ಸುತ್ತಿಗೆ ಏಟು ಕೊಡುವುದು ಪಿನ್ ಕೂತ ತೋಳಿನ ಪಕ್ಕಕ್ಕೆ. ತೂತು ಕ್ಷಣಮಾತ್ರ ಅದುರಿ ಹಿಡಿತ ಬಿಡುತ್ತದೆ.

● ಹಳೇ ಟೈ ರಾಡ್ ಎಂಡ್ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ. ಹೊಸದನ್ನೂ ಅಷ್ಟೇ ಸುತ್ತು ಹಾಕಿದರೆ ಕಾರು ಅಲೈನ್‌ಮೆಂಟ್ ಅಂಗಡಿವರೆಗೆ ಸುಮಾರಾಗಿ ನೇರ ಓಡುತ್ತದೆ. ಅಲೈನ್‌ಮೆಂಟ್ ತಪ್ಪಿಸಿಕೊಳ್ಳಲು ಇದು ದಾರಿಯಲ್ಲ.

● ನಟ್ ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಒಮ್ಮೆ ಮಡಚಿದ ಮೇಲೆ ಮರುಬಳಕೆಗಿಲ್ಲ. ತೂತು ಸರಿಹೊಂದದಿದ್ದರೆ ನಟ್ ಸ್ವಲ್ಪ ಬಿಗಿ ಮಾಡಿ ಹೊಂದಿಸಬೇಕು, ಸಡಿಲಿಸಬಾರದು. ಒಳಗೆ ನೈಲಾನ್ ಬಳೆಯಿರುವ ಲಾಕ್ ನಟ್ ಕೂಡ ಪ್ರತಿ ಸಲ ಹೊಸದೇ ಇರಲಿ.

● ಸ್ಟೇರಿಂಗ್ ರ‍್ಯಾಕ್‌ನ ಎರಡೂ ತುದಿಗೆ ಮಡಿಕೆ ಮಡಿಕೆ ರಬ್ಬರ್ ಕವರ್ ಇರುತ್ತದೆ. ಅಗ್ಗದ ಆ ಕವರ್ ಹರಿದು ದೂಳು-ನೀರು ಒಳಗೆ ಹೋದರೆ ಹಾಳಾಗುವುದು ದುಬಾರಿ ರ‍್ಯಾಕ್. ಮಳೆಗಾಲಕ್ಕೆ ಮುಂಚೆ ಒಮ್ಮೆ ಬಗ್ಗಿ ನೋಡಿದರೆ ಸಾಕು.

● ತಿರುವಿನಲ್ಲಿ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಹೆಚ್ಚು ತಿರುಗಬೇಕು. ಈ ಲೆಕ್ಕಾಚಾರಕ್ಕೆ ‘ಆಕರ್ಮನ್’ ಎಂದೇ ಹೆಸರು. ಆದರೆ ಅದನ್ನು ರೂಪಿಸಿದವರು ಮ್ಯೂನಿಕ್‌ನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಇಂಗ್ಲೆಂಡಿನಲ್ಲಿ ಅವರ ಪರವಾಗಿ ಪೇಟೆಂಟ್ ಪಡೆದವರು ರುಡಾಲ್ಫ್ ಆಕರ್ಮನ್. ಚಾರ್ಲ್ಸ್ ಡಾರ್ವಿನ್‌ರ ತಾತ ಎರಾಸ್ಮಸ್ ಡಾರ್ವಿನ್ ಅದಕ್ಕೂ ದಶಕಗಳ ಹಿಂದೆಯೇ ಇಂಥದ್ದನ್ನು ಯೋಚಿಸಿದ್ದರು.

● ಮೊದಮೊದಲ ಕಾರುಗಳಿಗೆ ದುಂಡನೆಯ ಸ್ಟೇರಿಂಗ್ ಇರಲಿಲ್ಲ; ದೋಣಿಯ ಚುಕ್ಕಾಣಿಯ ಮಾದರಿಯ ಹಿಡಿಕೆ ಇತ್ತು. 1894ರ ಪ್ಯಾರಿಸ್–ರೂವಾನ್ ಓಟದಲ್ಲಿ ಆಲ್‌ಫ್ರೆಡ್ ವಾಶೆರೋನ್ ತಮ್ಮ ಪನಾರ್ ಕಾರಿಗೆ ಸ್ಟೇರಿಂಗ್ ಚಕ್ರ ಜೋಡಿಸಿ ಓಡಿಸಿದರು.

● ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಮಾರಾಟದ ಕಾರಿಗೆ ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಮೊದಲು ಕಂಡದ್ದು ಜಪಾನಿನ ಪುಟ್ಟ ಕಾರಿನಲ್ಲಿ: 1988ರ ಸುಜುಕಿ ಸರ್ವೋ. ಹೈಡ್ರಾಲಿಕ್ ಇರುವ ಹಳೇ ಕಾರಿನಲ್ಲಿ ಸ್ಟೇರಿಂಗನ್ನು ಕೊನೆವರೆಗೆ ತಿರುಗಿಸಿ ಅಲ್ಲೇ ಒತ್ತಿ ಹಿಡಿಯಬೇಡಿ; ಪಂಪ್‌ಗೆ ವಿಪರೀತ ಒತ್ತಡ.

● ಏರ್‌ಬ್ಯಾಗ್ ಇರುವ ಕಾರಿನಲ್ಲಿ ರ‍್ಯಾಕ್ ಇಳಿಸಿದಾಗ ಸ್ಟೇರಿಂಗ್ ಚಕ್ರ ತನ್ನಷ್ಟಕ್ಕೆ ತಿರುಗದಂತೆ ಕಟ್ಟಿಡಬೇಕು. ಇಲ್ಲದಿದ್ದರೆ ಒಳಗಿನ ಸುರುಳಿ ತಂತಿಯ ಪಟ್ಟಿ ಕಿತ್ತು, ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ. ಏರ್‌ಬ್ಯಾಗನ್ನೇ ಮುಟ್ಟುವ ಕೆಲಸ ಮನೆಯಲ್ಲಿ ಬೇಡ.

● ಕಾರು ಎಡಕ್ಕೆಳೆಯುತ್ತಿದೆಯೇ? ಗಾಳಿ ಸರಿಯಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ. (ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತಿರುವ ಟೈರ್‌ಗೆ ಇದು ಸಲ್ಲದು.) ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು, ಸ್ಟೇರಿಂಗಿನದಲ್ಲ.

● ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಮೊದಲನೆಯದು ಚಕ್ರ ನೋಡುವ ದಿಕ್ಕು. ಎರಡನೆಯದು ಚಕ್ರದ ತೂಕದ ಹಂಚಿಕೆ. ವೇಗ ಏರಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಮಾಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಎರಡೂ ಅಲ್ಲ, ಬ್ರೇಕ್ ಡಿಸ್ಕ್ ನೋಡಿ.

● ಟೈರ್ ಮೇಲೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗರ ಎಂದರೆ ಟೋ, ಅಂದರೆ ಚಕ್ರ ನೋಡುವ ದಿಕ್ಕು, ತಪ್ಪಿದೆ. ಅಲ್ಲಲ್ಲಿ ತಗ್ಗು-ಉಬ್ಬು ಸಿಕ್ಕರೆ, ಹಾಂ, ಆಗ ಶಾಕ್ ಮೇಲೆ ಅನುಮಾನಪಡಿ. ಬದಲಿಸುವಾಗ ಎಡ-ಬಲ ಜೋಡಿಯಾಗಿಯೇ ಬದಲಿಸಿ.

● ಬೆಂಗಳೂರಿನ ಜೆ.ಸಿ. ರಸ್ತೆಗೆ ಬಿಡಿಭಾಗ ತರಲು ಹೊರಟಿರಾ? ಬಿಚ್ಚಿದ ಹಳೇ ಭಾಗ ಕೈಯಲ್ಲಿರಲಿ. ಒಂದೇ ಹೆಸರಿನ ಕಾರಿಗೂ ವರ್ಷ ಬದಲಾದಂತೆ ಬೇರೆ ಬೇರೆ ಅಳತೆ ಇರುತ್ತದೆ. ಗುಜರಿಯಲ್ಲಿ ಬಾಗಿಲ ಹಿಡಿಕೆ ಕೊಳ್ಳಿ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಮಾತ್ರ ಬೇಡವೇ ಬೇಡ.

● ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯಸ್ಸು. ಆಮೇಲೆ ವಾಹನ ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಣ.

● ಕೆಲಸಕ್ಕೂ ಕ್ರಮವುಂಟು: ಮೊದಲು ಟೈರಿನ ಗಾಳಿ, ಆಮೇಲೆ ಸಡಿಲ ಕೀಲು, ಕೊನೆಗೆ ಅಲೈನ್‌ಮೆಂಟ್. ಕ್ರಮ ತಿರುಗಿಸಿದರೆ ಅಲೈನ್‌ಮೆಂಟ್‌ಗೆ ಎರಡು ಸಲ ದುಡ್ಡು!