ಸೀಲಿಯಾಕ್ ಟೆಸ್ಟ್: ವಿಮೆ ಇಲ್ಲದೆ ಕೈಯಿಂದ ದುಡ್ಡು ಹಾಕೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮಂಡಗದ್ದೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಸೀಲಿಯಾಕ್ ಕಾಯಿಲೆಯ ಟೆಸ್ಟ್ ಮತ್ತು ಅದರ ಖರ್ಚು.

ಮೊದಲು ಕಾಯಿಲೆ ಏನು ಅಂತ ನೋಡೋಣ. ಗೋಧಿ, ಬಾರ್ಲಿಯಲ್ಲಿ ಗ್ಲುಟನ್ ಅನ್ನೋ ಪ್ರೋಟೀನ್ ಇರುತ್ತೆ. ಅದನ್ನ ತಿಂದಾಗ ಕೆಲವರ ರೋಗನಿರೋಧಕ ವ್ಯವಸ್ಥೆ ತಮ್ಮದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತೆ. ಒಳಪದರ ಸವೆದು, ತಿಂದಿದ್ದು ಮೈಗೆ ಹತ್ತಲ್ಲ. ಭೇದಿ, ಹೊಟ್ಟೆಯುಬ್ಬರ, ತೂಕ ಇಳಿಯೋದು ಇದರ ಲಕ್ಷಣ. ಕೆಲವರಿಗೆ ಬರೀ ರಕ್ತಹೀನತೆ. ನನ್ನ ಅಕ್ಕನಿಗೂ ಅಷ್ಟೇ. ಎಷ್ಟು ಕಬ್ಬಿಣದ ಮಾತ್ರೆ ನುಂಗಿದ್ರೂ ಹಿಮೋಗ್ಲೋಬಿನ್ ಏರಲಿಲ್ಲ. ಆಗ ಡಾಕ್ಟರು ಈ ಟೆಸ್ಟ್ ಬರೆದುಕೊಟ್ರು.

ಅಕ್ಕಿ ತಿನ್ನೋ ನಮಗೂ ಇದು ಬರುತ್ತಾ? ಬರಬಹುದು, ಆದ್ರೆ ಅಪರೂಪ. 2016ರಲ್ಲಿ ಪ್ರಕಟವಾದ, 23 ಸಾವಿರಕ್ಕೂ ಹೆಚ್ಚು ವಯಸ್ಕರ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಸಾವಿರಕ್ಕೆ ಸುಮಾರು 8.5 ಜನರಿಗೆ ಈ ಕಾಯಿಲೆ ಇತ್ತು. ದಕ್ಷಿಣದಲ್ಲಿ 0.11. ಅದಕ್ಕೆ ಬೇಕಾದ ಜೀನ್ ನಮ್ಮಲ್ಲೂ ಇದೆ. ಗೋಧಿ ತಿನ್ನೋದು ಮಾತ್ರ ಕಡಿಮೆ. ಹಾಗಾಗಿ ಡಾಕ್ಟರು ಮೊದಲು ಹುಳದ ತೊಂದರೆ, ಥೈರಾಯ್ಡ್, ಕಬ್ಬಿಣದ ಮಟ್ಟ ನೋಡಿದ್ರೆ ಬೇಜಾರಾಗಬೇಡಿ. ಅವು ಅಗ್ಗದ ಟೆಸ್ಟ್, ಕಾರಣ ಅಲ್ಲೇ ಸಿಗಬಹುದು.

ಇನ್ನು ದುಡ್ಡಿನ ಮಾತು. ನಮ್ಮಲ್ಲಿ ವಿಮೆ ಅಂದ್ರೆ ಬಹುತೇಕ ಅಡ್ಮಿಟ್ ಆದವರಿಗೆ. ಆಯುಷ್ಮಾನ್ ಕಾರ್ಡ್‌ನಲ್ಲೂ ಹೊರರೋಗಿ ಚಿಕಿತ್ಸೆ ಇಲ್ಲ, ಬರೀ ತಪಾಸಣೆಗೆ ಅಂತ ಅಡ್ಮಿಟ್ ಆದ್ರೂ ನಡೆಯಲ್ಲ. ಅಂದ್ರೆ ಕಾರ್ಡ್ ಇದ್ದವರೂ ಈ ರಕ್ತಪರೀಕ್ಷೆಗೆ ಜೇಬಿಗೇ ಕೈ ಹಾಕಬೇಕು. ಜೊತೆಗೆ ಶಿವಮೊಗ್ಗಕ್ಕೆ ಬಸ್ ಚಾರ್ಜು, ಒಂದು ದಿನದ ಕೂಲಿ. ಎರಡು ಸಲ ಓಡಾಡೋ ಹಾಗೆ ಆಗಬಾರದು.

ಅದಕ್ಕೆ ಈ ಕ್ರಮ ನೆನಪಿಡಿ. ಮೊದಲು ಬೇಕಾಗೋದು ಎರಡೇ: ಟಿಟಿಜಿ-ಐಜಿಎ, ಮತ್ತು ಟೋಟಲ್ ಐಜಿಎ. ಎರಡನೆಯದು ಯಾಕೆ? ಕೆಲವರ ದೇಹದಲ್ಲಿ ಐಜಿಎ ಅನ್ನೋದೇ ಕಡಿಮೆ ಇರುತ್ತೆ. ಅಂಥವರಿಗೆ ಕಾಯಿಲೆ ಇದ್ರೂ ಮೊದಲನೇ ಟೆಸ್ಟ್ ನೆಗೆಟಿವ್ ತೋರಿಸಬಹುದು. ಎರಡಕ್ಕೂ ಒಂದೇ ಸಲ ರಕ್ತ ಕೊಡಿ. ಲ್ಯಾಬಿಂದ ಲ್ಯಾಬಿಗೆ ರೇಟು ಬೇರೆ, ಮೊದಲೇ ಫೋನ್ ಮಾಡಿ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತಾ ಅಂತಾನೂ ವಿಚಾರಿಸಿ. ಪಾಸಿಟಿವ್ ಬಂದ್ರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡ್ತಾರೆ. ದೊಡ್ಡ ಖರ್ಚು ಅದು. ಮಕ್ಕಳಲ್ಲಿ ಟಿಟಿಜಿ ಮಿತಿಗಿಂತ ಹತ್ತು ಪಟ್ಟು ಜಾಸ್ತಿ ಇದ್ರೆ, ಇನ್ನೊಂದು ರಕ್ತಪರೀಕ್ಷೆಯ ಮೇಲೆ ಎಂಡೋಸ್ಕೋಪಿ ಇಲ್ಲದೇನೂ ತೀರ್ಮಾನಿಸಬಹುದು. ಮಕ್ಕಳ ತಜ್ಞರನ್ನ ಕೇಳಿ. ನೂರಾರು ಆಹಾರಕ್ಕೆ ಒಂದೇ ಪ್ಯಾಕೇಜ್ ಅಂತ ಬರೋ 'ಫುಡ್ ಇನ್‌ಟಾಲರೆನ್ಸ್' ಟೆಸ್ಟ್‌ನಿಂದ ಸೀಲಿಯಾಕ್ ಗೊತ್ತಾಗಲ್ಲ. ಆ ದುಡ್ಡು ಉಳಿಸಿ.

ಎಲ್ಲಕ್ಕಿಂತ ಮುಖ್ಯ ಇದು: ಟೆಸ್ಟ್‌ಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ರೆ ರಕ್ತದಲ್ಲಿ ಸುಳಿವು ಮಾಯ ಆಗುತ್ತೆ, ಕೊಟ್ಟ ದುಡ್ಡು ನೀರಲ್ಲಿ ಹೋಮ. ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗ್ಲುಟನ್ ಇರಬೇಕು ಅನ್ನೋದು ಬ್ರಿಟನ್ನಿನ ಸಲಹೆ. ಮಲೆನಾಡಲ್ಲಿ ಇದೇ ತೊಡಕು. ಬೆಳಿಗ್ಗೆ ಕಡುಬು ಇಲ್ಲಾ ಅಕ್ಕಿ ರೊಟ್ಟಿ, ಮಧ್ಯಾಹ್ನ ರಾತ್ರಿ ಅನ್ನ, ವಾರಕ್ಕೊಮ್ಮೆ ಚಪಾತಿ. ಹೀಗಿದ್ರೆ ನೆಗೆಟಿವ್ ರಿಪೋರ್ಟನ್ನ ಎಷ್ಟು ನಂಬೋದು? ಹಾಗಾಗಿ ನೀವು ದಿನಾ ಏನು ತಿಂತೀರ ಅನ್ನೋದನ್ನ ಡಾಕ್ಟರಿಗೆ ಬಿಡಿಸಿ ಹೇಳಿ. ಗೋಧಿ ತಿಂದ್ರೆ ತುಂಬಾ ತೊಂದರೆ ಆಗುತ್ತೆ ಅನ್ನೋರು ಅವರನ್ನ ಕೇಳದೆ ಶುರು ಮಾಡಬೇಡಿ.

ಅಕ್ಕ ಎರಡು ಹೊತ್ತು ಚಪಾತಿ ತಿಂದೇ ರಕ್ತ ಕೊಟ್ಟಳು. ಎರಡೂ ರಿಪೋರ್ಟ್ ಸರಿ ಇತ್ತು. ಡಾಕ್ಟರು ಬೇರೆ ಕಾರಣ ಹುಡುಕೋಕೆ ಹೋದ್ರು, ಅವಳ ತಟ್ಟೆಯಿಂದ ಚಪಾತಿ ಹೋಗಲಿಲ್ಲ.

ಪಾಸಿಟಿವ್ ಆಗಿ, ಖಚಿತ ಆದವರಿಗೆ ಮದ್ದು ಊಟವೇ: ಜೀವನಪೂರ್ತಿ ಗ್ಲುಟನ್ ಇಲ್ಲದ ಆಹಾರ. ಅಕ್ಕಿ, ರಾಗಿ, ಜೋಳ ಧಾರಾಳವಾಗಿ ತಿನ್ನಬಹುದು. ಹುಷಾರಾಗಿರಬೇಕಾದ್ದು ಮೈದಾದ ಬಿಸ್ಕೆಟ್, ಪರೋಟ, ಗೋಬಿ ಮಂಚೂರಿ. ಮತ್ತೆ ಒಗ್ಗರಣೆಯ ಇಂಗು. ಅಂಗಡಿಯ ಎಷ್ಟೋ ಇಂಗಿನಲ್ಲಿ ಗೋಧಿ ಹಿಟ್ಟು ಸೇರಿರುತ್ತೆ, ಡಬ್ಬಿ ತಿರುಗಿಸಿ ಓದಿ. ಮನೆಯಲ್ಲಿ ಒಬ್ಬರಿಗೆ ಖಚಿತ ಆದ್ರೆ ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳ ಬಗ್ಗೆಯೂ ಡಾಕ್ಟರನ್ನ ಕೇಳಿ.